ಒಣಗದ ಗೋಂದು

ಚಂದಾಪುರದ ಆ ಬಾಡಿಗೆ ರೂಮಿನಲ್ಲಿ ನನ್ನ ಜೊತೆ ಇದ್ದವಳು ಹಾವೇರಿ ಕಡೆಯ ಒಬ್ಬ ಅಕ್ಕ. ಅವಳು ಹಗಲು ಗಾರ್ಮೆಂಟ್ಸಿಗೆ, ನಾನು ರಾತ್ರಿ ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸಕ್ಕೆ. ಭಾನುವಾರ ಬಿಟ್ಟರೆ ಮುಖ ನೋಡುತ್ತಿರಲಿಲ್ಲ. ಆದರೂ ಬೆಳಿಗ್ಗೆ ಬರುವಷ್ಟರಲ್ಲಿ ನನ್ನ ಪಾಲಿನ ರೊಟ್ಟಿ ಮುಚ್ಚಿಟ್ಟು ಹೋಗಿರುತ್ತಿದ್ದಳು. ಅವಳಿಗಿಂತ ಮುಂಚೆ ಬಂದವರು ಯಾರೂ ನನ್ನ ಬಾಯಿಗೆ ಹೆದರಿ ಹೆಚ್ಚು ದಿನ ನಿಂತಿರಲಿಲ್ಲ. ಇವಳೊಬ್ಬಳು ಹೋಗದಿದ್ದರೆ ಸಾಕಪ್ಪ ಅಂದುಕೊಂಡಿದ್ದೆ.

ಬಾಗಿಲಿನ ಚಿಲಕ ಅಲ್ಲಾಡತೊಡಗಿತು. ಮರದಲ್ಲಿ ಸ್ಕ್ರೂ ತೂತುಗಳು ಸವೆದು ದೊಡ್ಡವಾಗಿದ್ದವು. ಎಷ್ಟು ತಿರುಗಿಸಿದರೂ ಹಿಡಿಯದು. ಚಿಲಕ ಭದ್ರವಿಲ್ಲದಿದ್ದರೆ ಅಕ್ಕನಿಗೆ ರಾತ್ರಿ ನಿದ್ದೆ ಬಾರದು. ಹಾರ್ಡ್‌ವೇರ್ ಅಂಗಡಿಯವರನ್ನು ಕೇಳಿದೆ. "ಬೆಂಕಿಕಡ್ಡಿ ಗೋಂದಲ್ಲಿ ಅದ್ದಿ ತೂತಿಗೆ ತುಂಬ್ಸಿ ಮೇಡಂ. ಒಂದಿನ ಪೂರ್ತಿ ಒಣಗ್ಲಿ, ಆಮೇಲೆ ಸ್ಕ್ರೂ ಹಾಕಿ," ಅಂದರು. ಚಿಲಕ ಬಿಚ್ಚಿಟ್ಟು, ಕಡ್ಡಿ ತುಂಬಿ, ಸಂಜೆ ಕೆಲಸಕ್ಕೆ ಹೋದೆ.

ಬೆಳಿಗ್ಗೆ ನೋಡಿದರೆ ಕಡ್ಡಿಗಳಿಲ್ಲ. ಚಿಲಕ ಮತ್ತೆ ಅದೇ ತೂತಿನಲ್ಲಿ ಜೋತಾಡುತ್ತಿದೆ. ಮತ್ತೆ ತುಂಬಿದೆ, ಮತ್ತೆ ಅದೇ ಕಥೆ. ನನಗೆ ತಲೆಬುಡ ತಿಳಿಯಲಿಲ್ಲ. ಅವಳಿಗೋಸ್ಕರ ಮಾಡಿದ್ದನ್ನು ಅವಳೇ ಯಾಕೆ ಕೀಳುತ್ತಾಳೆ? ನನ್ನ ಮೇಲೆ ಸಿಟ್ಟೇ? ಅಂಥದ್ದೇನು ಮಾಡಿದೆ ನಾನು? ಅಷ್ಟರಲ್ಲಿ ರೊಟ್ಟಿಯೂ ನಿಂತಿತು. ಹಾಳಾಗಿ ಹೋಗಲಿ ಅಂತ ಬೈದುಕೊಂಡೇ ಮತ್ತೆ ಕಡ್ಡಿ ತುಂಬಿದೆ.

ಭಾನುವಾರ ಬೆಳಿಗ್ಗೆ ಬಂದರೆ ಅಕ್ಕ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು.

"ಒಂದ್ ದಿನ ಆ ಗೋಂದು ಒಣಗೋಕೆ ಬಿಡಲ್ವಲ್ಲಕ್ಕಾ ನೀನು," ಅಂತ ರೇಗಿದೆ.

ಅವಳು ಕೈ ನಿಲ್ಲಿಸಿದಳು. "ಯಾವ ಗೋಂದು? ದಿನಾ ಬಂದು ನೋಡಿದ್ರ ಚಿಲಕ ಬಿಚ್ಚಿಟ್ಟಿರ್ತಿ, ತೂತಿನಾಗ ಕಡ್ಡಿ ತುರುಕಿರ್ತಿ. ಚಾಕು ಹಿಡಿದು ಕಿತ್ತು ಕಿತ್ತು ಸಾಕಾತು. ನಾ ಇರೂದು ನಿನಗ ಬ್ಯಾಡಾಗೇತಿ ಅಂತ ತಿಳಕೊಂಡು ಅತ್ತಿಬೆಲಿಯಾಗ ಖೋಲಿ ನೋಡಿ ಅಡ್ವಾನ್ಸೂ ಕೊಟ್ಟೀನಿ. ಬಾಯಿ ಬಿಟ್ಟು ಹೇಳಬಾರ್ದೇನವ್ವಾ?"

ಊರೆಲ್ಲ ಕೇಳುವಂತೆ ಕೂಗಾಡುವ ನಾನು ಆಗ ಮೆಲ್ಲಗೆ ಅಂಗಡಿಯವರು ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಇಬ್ಬರೂ ಕೂತು ಕಡ್ಡಿ ತುಂಬಿದೆವು. ರಾತ್ರಿ ಅವಳು ಟ್ರಂಕನ್ನು ಬಾಗಿಲಿಗೆ ಒತ್ತಿಕೊಂಡು ಮಲಗಿದಳಂತೆ.

ಸೋಮವಾರ ಕೆಲಸಕ್ಕೆ ಹೋಗದೆ ನನಗಾಗಿ ಕಾದಿದ್ದಳು. ತಾನೇ ಸ್ಕ್ರೂ ತಿರುಗಿಸಿದಳು. ಹಿಡಿಯಿತು. ಎರಡೂ ಕೈಯಲ್ಲಿ ಚಿಲಕ ಜಗ್ಗಿ ನೋಡಿದಳು. ನನಗೆ ಹೋದ ಜೀವ ಬಂದಂತಾಗಿ ಚಹಾಕ್ಕೆ ನೀರಿಟ್ಟೆ.

"ಗಟ್ಟಿ ಆತು ನೋಡು. ಮುಂದ ಬರಾಕಿ ಆರಾಮ ಮಲಗ್ತಾಳ," ಅಂದು ಅಕ್ಕ ಟ್ರಂಕು ಎತ್ತಿಕೊಂಡಳು.