ಜಿಮ್ಮಿಗೆ ವಾಸನೆ ಕಲಿಸಿದ ಬೇಸಿಗೆ

ಆಗೆಲ್ಲ ನಮಗೆ ಬೇಸಿಗೆ ರಜೆ ಎಂದರೆ ಅತ್ತೆ ಮನೆ. ಪರೀಕ್ಷೆ ಮುಗಿದ ಮಾರನೇ ಬೆಳಿಗ್ಗೆಯೇ ಅಪ್ಪ ಕುಣಿಗಲ್ಲಿನಿಂದ ನನ್ನನ್ನು ಗುಬ್ಬಿಗೆ ಕರೆತಂದು, ಚೇಳೂರಿನ ಬಸ್ಸಿನಲ್ಲಿ ಕೂರಿಸಿ, ಕಂಡಕ್ಟರಿಗೆ "ಹುಷಾರಾಗಿ ಇಳಿಸಪ್ಪಾ" ಎಂದು ಹೇಳಿ ವಾಪಸು ಹೋಗುತ್ತಿದ್ದ. ಆ ಬಸ್ಸಿನಲ್ಲಿ ಕೊಬ್ಬರಿ ಮೂಟೆ, ಬೀಡಿ, ಬಾಡಿದ ಮಲ್ಲಿಗೆ, ಡೀಸೆಲ್ಲು ಎಲ್ಲ ಕಲೆತು ಒಂದು ವಾಸನೆ ಬರುತ್ತಿತ್ತು. ನಿಮಗೂ ಅಂಥದೊಂದು ಬಸ್ಸು ನೆನಪಿರಬೇಕು. ನನಗೆ ಅದೇ ರಜೆಯ ವಾಸನೆ.

ಗಿರಿಜತ್ತೆ ಅಪ್ಪನ ತಂಗಿ. ಅವಳ ಗಂಡ ಸಿದ್ದಣ್ಣ ಮಾಮ ತೆಂಗಿನ ತೋಟದಲ್ಲಿ ಜೇನು ಸಾಕಿದ್ದ. ಯಾರಾದರೂ ಹೊಸದೇನಾದರೂ ಹೇಳಿದರೆ ಮಾಡಿ ನೋಡದೆ ಬಿಡುವ ಆಸಾಮಿಯಲ್ಲ ಅವನು. ಹಿಂದಿನ ವರ್ಷ ಹಳೇ ಸೈಕಲ್ಲಿನಲ್ಲಿ ಬಟ್ಟೆ ಒಗೆಯುವ ಯಂತ್ರ ಮಾಡಲು ಹೋಗಿ, ಅತ್ತೆಯ ಮದುವೆ ಸೀರೆಯನ್ನು ಚೈನಿನ ಬಾಯಿಗೆ ಕೊಟ್ಟಿದ್ದ.

ಆ ವರ್ಷ ನಾನು ಹೋದಾಗ ಮಾಮನ ಮುಖ ಸಪ್ಪಗಿತ್ತು. ಒಂದು ಪೆಟ್ಟಿಗೆಯ ಜೇನಿಗೆ ರೋಗ ತಗುಲಿ ಮರಿಹುಳುಗಳೆಲ್ಲ ಗೂಡಿನಲ್ಲೇ ಕೊಳೆತು ಸತ್ತಿದ್ದವು.

"ಬ್ಯಾಕ್ಟೀರಿಯಾ ಕಣ್ ಮಗಾ," ಎಂದ. "ಒಂದಕ್ಕೆ ಬಂದ್ರೆ ಎಲ್ಲಕ್ಕೂ ಹಬ್ಬುತ್ತೆ."

"ದಿನಾ ತೆಗ್ದು ನೋಡು ಮತ್ತೆ."

"ದಿನಾ ಮುಚ್ಚಳ ಬಿಚ್ಚಿದ್ರೆ ಹುಳ ಬೇಜಾರು ಮಾಡ್ಕೊಂಡು ಎದ್ದು ಹೊಂಟೋಯ್ತವೆ. ಬಿಚ್ಚಂಗಿಲ್ಲ, ಬಿಡಂಗಿಲ್ಲ."

ಇದಕ್ಕೆ ಮಾಮ ಆಗಲೇ ಒಂದು ಉಪಾಯ ಹುಡುಕಿಯಾಗಿತ್ತು. ತುಮಕೂರಿನಲ್ಲಿ ಜೇನು ಸಾಕುವವರಿಗೆ ಪಾಠ ಹೇಳಿದ ಮೇಷ್ಟ್ರು, ಹೊರದೇಶದಲ್ಲಿ ನಾಯಿಗಳು ಪೆಟ್ಟಿಗೆ ಬಿಚ್ಚದೆಯೇ ಮೂಸಿ ರೋಗ ಹಿಡಿಯುತ್ತವೆ ಎಂದು ಮಾತಿನ ಮಧ್ಯೆ ಹೇಳಿದ್ದರು. ಮೇಷ್ಟ್ರು ಅದನ್ನು ಅಲ್ಲೇ ಮರೆತಿರಬೇಕು. ಮಾಮ ಮಾತ್ರ ವಾಪಸು ಬರುವ ಬಸ್ಸಿನಲ್ಲೇ ನಾಯಿಯನ್ನು ಆರಿಸಿಬಿಟ್ಟಿದ್ದ.

ಆರಿಸಲು ಇದ್ದದ್ದೂ ಒಂದೇ. ಜಿಮ್ಮಿ. ಜಗಲಿಯ ಮೇಲೆ ಮಲಗುವುದು, ಮಲಗಿ ಬೇಸರವಾದರೆ ಮಗ್ಗುಲು ಬದಲಿಸುವುದು, ಇಷ್ಟೇ ಅದರ ಉದ್ಯೋಗ.

"ಅದುಕ್ಕೆ ತನ್ನ ತಟ್ಟೆನೇ ಗೊತ್ತಾಗಲ್ಲ, ರೋಗ ಹಿಡಿಯುತ್ತಂತೆ!" ಎಂದಳು ಅತ್ತೆ.

"ನೀನ್ ಸುಮ್ಕಿರೇ. ಟ್ರೈನಿಂಗ್ ಕೊಟ್ರೆ ಎಲ್ಲಾ ಬತ್ತದೆ."

ರೋಗದ ಗೂಡಿನ ಒಂದು ತುಂಡನ್ನು ಮಾಮ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ. ಅದನ್ನು ಹಿತ್ತಲಲ್ಲಿ ಎಲ್ಲಾದರೂ ಬಚ್ಚಿಟ್ಟು ಮುಚ್ಚಳ ಸಡಿಲಿಸುವುದು ನನ್ನ ಕೆಲಸ. ಜಿಮ್ಮಿ ಹುಡುಕಬೇಕು, ಸಿಕ್ಕ ಕಡೆ ಕೂರಬೇಕು, ಕೂತರೆ ಚೇಳೂರಿನ ಬೇಕರಿಯ ಬನ್ನಿನ ತುಂಡು. ಮುಚ್ಚಳ ತೆಗೆದಾಗ ಬರುತ್ತಿದ್ದ ವಾಸನೆಯನ್ನು ಹೇಗೆ ಹೇಳಲಿ? ಹುಳಿ ಬಂದ ಗಂಜಿಯಲ್ಲಿ ಇಲಿ ಸತ್ತ ಹಾಗೆ. ಮೊದಲ ದಿನ ನಾನು ಊಟ ಬಿಟ್ಟೆ. ವಾರ ಕಳೆಯುವಷ್ಟರಲ್ಲಿ ಅದೇ ಕೈಯಲ್ಲಿ, ತೊಳೆದುಕೊಂಡೇ ಅನ್ನಿ, ಮಾವಿನಕಾಯಿಗೆ ಉಪ್ಪುಕಾರ ಹಚ್ಚಿ ತಿನ್ನುವಷ್ಟು ಪಳಗಿದ್ದೆ.

ಜಿಮ್ಮಿಯೂ ಕಲಿಯಿತು. ಕಲ್ಲು ಚಪ್ಪಡಿಯ ಹಿಂದೆ ಇಟ್ಟರೂ, ಸೌದೆಯ ಸಂದಿಯಲ್ಲಿ ಇಟ್ಟರೂ, ಮೂಸುತ್ತಾ ಹೋಗಿ ದೇವರ ಮುಂದೆ ಕೂತಂತೆ ಕೂರುತ್ತಿತ್ತು. ಮಾಮ ಹಿಗ್ಗಿ ಹೀರೇಕಾಯಿಯಾದ. ಆದರೆ ಜಿಮ್ಮಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಂದು ಬೆಳಿಗ್ಗೆ ಅತ್ತೆಯ ದೋಸೆ ಹಿಟ್ಟಿನ ಪಾತ್ರೆಯ ಮುಂದೆ ಬಂದು ಕೂತಿತು. ಮಧ್ಯಾಹ್ನ ಮಜ್ಜಿಗೆ ಮಡಕೆಯ ಮುಂದೆ ಕೂತಿತು.

"ರೀ, ನನ್ನ ಹಿಟ್ಟಿಗೆ ರೋಗ ಬಂದೈತಂತೆ, ಬಂದು ನೋಡಿ!" ಎಂದು ಅತ್ತೆ ಸೌಟು ಹಿಡಿದು ಕೂಗಿದಳು.

ಇಷ್ಟಾದರೂ ಮಾಮ ತುಮಕೂರಿನ ಮೇಷ್ಟ್ರಿಗೆ ಫೋನು ಮಾಡಿ, "ನಮ್ ನಾಯಿ ರೆಡಿಯಾಗೈತೆ ಸಾರ್, ಒಂದ್ಸಲ ಬಂದು ನೋಡ್ಬೇಕು" ಎಂದುಬಿಟ್ಟ. ಮೇಷ್ಟ್ರು ನಿಜವಾಗಿಯೂ ಬಂದರು. ಮಾಮ ಊರಲ್ಲೆಲ್ಲ ಹೇಳಿಕೊಂಡಿದ್ದರಿಂದ ಬೇಲಿಯ ಆಚೆ ಹತ್ತಾರು ಜನ ನಿಂತಿದ್ದರು.

ಮೇಷ್ಟ್ರು ಜಗಲಿಯ ಹತ್ತಿರ ಶೂ ಬಿಚ್ಚಿದರು. ಜಿಮ್ಮಿ ಕಿವಿ ನಿಮಿರಿಸಿತು. ನೆಟ್ಟಗೆ ನಡೆದು ಬಂದು, ಅವರ ಕಾಲುಚೀಲಗಳನ್ನು ಎರಡು ಸಲ ಮೂಸಿ, ಮುಂದೆ ಶಿಸ್ತಾಗಿ ಕೂತು, ಮಾಮನ ಮುಖ ನೋಡಿ ಬಾಲ ಅಲ್ಲಾಡಿಸಿತು. ಬೇಲಿಯಾಚೆ ಯಾರೋ ಕಿಸಕ್ಕೆಂದರು. ಅತ್ತೆ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು.

"ದೂರದಿಂದ ಬಂದಿದೀನಿ ನೋಡಿ, ಬಿಸಿಲು ಬೇರೆ," ಎಂದು ಮೇಷ್ಟ್ರೇ ನಕ್ಕರು. ದೊಡ್ಡ ಮನಸ್ಸಿನವರು.

ಬಿಸಿಲು ಇಳಿದ ಮೇಲೆ ಎಲ್ಲರೂ ತೋಟಕ್ಕೆ ಹೋದೆವು. ಇರುವೆ ಹತ್ತದಿರಲೆಂದು ಪೆಟ್ಟಿಗೆಯ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳಿದ್ದವು. ಜಿಮ್ಮಿ ಮೊದಲು ಒಂದು ಬಟ್ಟಲಿನ ನೀರು ಕುಡಿಯಿತು. ಆಮೇಲೆ ಪೆಟ್ಟಿಗೆಯ ಬಾಗಿಲಿಗೆ ಮೂಗು ಒತ್ತಿ ಜೋರಾಗಿ ಉಸಿರು ಬಿಟ್ಟಿತು. ಕಾವಲಿದ್ದ ಹುಳಗಳಿಗೆ ಅದು ಸರಿಬರಲಿಲ್ಲ. ಕುಂಯ್ ಎಂಬ ಒಂದು ಶಬ್ದ, ಅಷ್ಟೇ. ಜಿಮ್ಮಿ ತೋಟ ದಾಟಿ, ಬೇಲಿ ಹಾರಿ, ರಾಗಿ ಹೊಲದ ಕಡೆ ಧೂಳಾಯಿತು. ನೋಡಲು ಬಂದವರೂ ತಲೆಗೆ ಟವಲು ಸುತ್ತಿಕೊಂಡು ಅದೇ ದಿಕ್ಕಿಗೆ ಓಡಿದರು.

ಮಾಮ ತೆಂಗಿನ ಬುಡದಲ್ಲಿ ಕುಸಿದು ಕೂತ. "ಬುಡಿ ಸಾರ್," ಎಂದ. ಟವಲಿನಲ್ಲಿ ಮುಖ ಮುಚ್ಚಿಕೊಂಡ. ಮಾಮ ಹಾಗೆ ಸೋತು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು. ಯಾರೂ ನೋಡದಿರಲೆಂದು ಪೆಟ್ಟಿಗೆಗಳ ಸಾಲಿನ ಹಿಂದೆ ಹೋದೆ.

ಸಂಜೆಯ ಹೊತ್ತು ಹುಳಗಳು ಬಾಗಿಲಲ್ಲಿ ನಿಂತು ರೆಕ್ಕೆ ಬೀಸಿ ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತವೆ. ಒಂದೊಂದು ಪೆಟ್ಟಿಗೆ ದಾಟಿದಾಗಲೂ ಬೆಚ್ಚಗಿನ ಗಾಳಿ ಮುಖಕ್ಕೆ ತಾಗುತ್ತಿತ್ತು. ಹುಣಸೆ ಮರದ ಕೆಳಗಿನ ಪೆಟ್ಟಿಗೆಯ ಹತ್ತಿರ ಬಂದಾಗ ನಿಂತೆ. ತೆಳ್ಳಗೆ, ಇನ್ನೇನು ಇಲ್ಲ ಎನ್ನುವಷ್ಟು ತೆಳ್ಳಗೆ, ಆ ಡಬ್ಬಿಯ ವಾಸನೆ.

"ಮಾಮ, ಇದು!"

"ಏನು ಇದು?"

"ಡಬ್ಬಿ ವಾಸನೆ. ಇದ್ರಲ್ಲೈತೆ."

ಮಾಮ ಬಂದು ಮೂಸಿದ. ಮೇಷ್ಟ್ರು ಬಗ್ಗಿ ಮೂಸಿದರು. ಇಬ್ಬರಿಗೂ ಏನೂ ಗೊತ್ತಾಗಲಿಲ್ಲ.

"ನಿನ್ ಕೈಯೇ ನಾರ್ತಿರ್ಬೇಕು ಮಗಾ, ಬಾ."

"ಕೈ ತೊಳ್ದಿದೀನಿ. ಬೇರೆ ಯಾವುದ್ರಲ್ಲೂ ಇಲ್ಲ, ಇದ್ರಲ್ಲಿ ಮಾತ್ರ," ಎಂದು ಕಾಲು ಕುಟ್ಟಿದೆ.

ಅಷ್ಟರಲ್ಲಿ ಅತ್ತೆ ಕಾಫಿ ಹಿಡಿದು ಬಂದಳು. "ನಾಯಿ ಮಾತು ನಂಬ್ದೋರು ನೀವು. ಮಗೀನ್ ಮಾತು ಒಂದ್ಸಲ ನಂಬಿ ನೋಡ್ರಿ," ಎಂದಳು.

ಮೇಷ್ಟ್ರು ಹೊಗೆ ಹಾಕಿ ಮುಚ್ಚಳ ಬಿಚ್ಚಿ, ಮರಿಗಳಿದ್ದ ಗೂಡನ್ನು ಎತ್ತಿ ಬೆಳಕಿಗೆ ಹಿಡಿದರು. ಬೆಳ್ಳಗೆ ಹೊಳೆಯುವ ಮರಿಗಳ ಮಧ್ಯೆ ಒಂದು ಮೂಲೆಯಲ್ಲಿ ಕೆಲವು ಹಳದಿಗಟ್ಟಿ, ಸುರುಟಿಕೊಂಡು ಬಿದ್ದಿದ್ದವು. "ಈಗ ಶುರುವಾಗಿದೆ. ಇನ್ನೊಂದು ವಾರ ಬಿಟ್ಟಿದ್ರೆ ಕಷ್ಟವಾಗ್ತಿತ್ತು," ಎಂದರು. ಆಮೇಲೆ ಮಾಮನ ಕಡೆ ತಿರುಗಿ, "ನಿಮ್ ಟ್ರೈನಿಂಗ್ ಚೆನ್ನಾಗೇ ಆಗಿದೆ ಸಿದ್ದಣ್ಣೋರೆ. ಕಲ್ತೋರು ಬೇರೆ, ಅಷ್ಟೇ. ಮೊದ್ಲು ಆ ಡಬ್ಬೀಲಿರೋದ್ನ ಸುಟ್ಟುಹಾಕಿ!" ಎಂದರು.

ಅಂದೇ ಕೆಟ್ಟ ಗೂಡುಗಳನ್ನು ಡಬ್ಬಿಯಲ್ಲಿದ್ದ ತುಂಡಿನ ಜೊತೆ ಗುಂಡಿಯಲ್ಲಿ ಸುಟ್ಟು, ಆ ಪೆಟ್ಟಿಗೆಯನ್ನು ತೋಟದ ಇನ್ನೊಂದು ತುದಿಗೆ ಒಯ್ದೆವು. ಉಳಿದ ಯಾವುದಕ್ಕೂ ರೋಗ ಹಬ್ಬಲಿಲ್ಲ. ಮನೆಗೆ ಬಂದ ಮಾಮ ಸಂತೋಷದಲ್ಲಿ ಮೈಮರೆತು, ಜೇಬಿನಿಂದ ಬನ್ನಿನ ತುಂಡು ತೆಗೆದು ನನ್ನ ಮುಂದೆ ಹಿಡಿದು, "ಕೂತ್ಕೋ!" ಎಂದ. ನಾನೂ ಕೂತೆ. ಅತ್ತೆ ನಕ್ಕ ನಗುವಿಗೆ ಕಣ್ಣಲ್ಲಿ ನೀರು ಬಂತು. ಮೂಗು ಊದಿಸಿಕೊಂಡು ಮರಳಿದ್ದ ಜಿಮ್ಮಿ ಮಾತ್ರ ನನ್ನನ್ನು ಕಳ್ಳಿಯಂತೆ ನೋಡಿತು.

ಮಾಮ ಈಗ ಇಲ್ಲ. ಹುಳಗಳೂ ಒಂದೊಂದಾಗಿ ಎದ್ದು ಹೋದವು, ಪೆಟ್ಟಿಗೆಗಳಲ್ಲಿ ಅತ್ತೆ ಕೋಳಿ ಕಾವಿಗೆ ಕೂರಿಸುತ್ತಾಳೆ. ನಾನು ತುಮಕೂರಿನಲ್ಲಿ, ಸತ್ಯಮಂಗಲದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇನೆ. ಅಲ್ಲಿ ದಿನವಿಡೀ ಕಾದ ರಬ್ಬರಿನ ವಾಸನೆ. ಕೆಲವೊಮ್ಮೆ ಸಂಜೆ ಮನೆ ಬಾಗಿಲಲ್ಲಿ ಕೂತು ಕಣ್ಣು ಮುಚ್ಚುತ್ತೇನೆ. ಆ ರೋಗದ ವಾಸನೆ ಕರೆದ ತಕ್ಷಣ ಬರುತ್ತದೆ, ಹುಳಿಯ ಸಮೇತ. ಹಾಳಾದ್ದು, ಅಷ್ಟು ಚೆನ್ನಾಗಿ ಕಲಿತಿದ್ದೆ. ಆದರೆ ಅವತ್ತು ಉಳಿದ ಪೆಟ್ಟಿಗೆಗಳಿಂದ, ಏನೂ ಆಗದೆ ಸುಖವಾಗಿದ್ದ ಪೆಟ್ಟಿಗೆಗಳಿಂದ, ಒಂದರ ಹಿಂದೊಂದು ಮುಖಕ್ಕೆ ತಾಗಿದ ಆ ಗಾಳಿಯ ವಾಸನೆ ಹೇಗಿತ್ತು? ಅದನ್ನು ಕಲಿಯಬೇಕೆಂದು ಆಗ ಯಾರಿಗೂ ಹೊಳೆಯಲಿಲ್ಲ.