ಧರ್ಮಸ್ಥಳದ ದಾರಿಯಲ್ಲಿ ಅಕ್ಕನ ನಾಲಿಗೆ

ಧರ್ಮಸ್ಥಳಕ್ಕೆ ನಡೆದುಕೊಂಡು ಹೋಗಿದ್ದೆ ಎಂದರೆ ಜನ ಕೈಮುಗಿಯುತ್ತಾರೆ. ನಾನು ನಡೆದದ್ದು ಭಕ್ತಿಯಿಂದ ಎಂದು ನನ್ನನ್ನು ಬಲ್ಲವರು ಯಾರೂ ನಂಬಲಿಲ್ಲ. ನಂಬದೇ ಇದ್ದದ್ದು ಸರಿಯೇ. ಶಿವರಾತ್ರಿಗೆ ಮುಂಚೆ ಚನ್ನರಾಯಪಟ್ಟಣದಿಂದ ಹಾಸನದವರೆಗೆ ರಸ್ತೆಯುದ್ದಕ್ಕೂ ಹಳ್ಳಿಯವರು ಶಾಮಿಯಾನ ಹಾಕಿ ಪಾದಯಾತ್ರಿಗಳಿಗೆ ಊಟ ಹಾಕುತ್ತಾರೆ. ಯಾವ ಊರಿನವರು ಏನು ಬಡಿಸುತ್ತಾರೆ, ಯಾರ ಸಾರು ಹೇಗಿರುತ್ತದೆ ಎಂದು ಒಮ್ಮೆ ನೋಡಿಬಿಡಬೇಕೆಂಬ ಚಪಲ ನನಗೆ ಬಹಳ ದಿನದಿಂದ ಇತ್ತು.

ಹರಕೆ ಹೊತ್ತವಳು ನನ್ನ ಅಕ್ಕ. ನಮ್ಮ ತವರು ಹೊಳೆನರಸೀಪುರ, ಅವಳನ್ನು ಕೊಟ್ಟದ್ದು ಅರಕಲಗೂಡಿಗೆ. ಎರಡೂ ಊರಿನ ನೆಂಟರಲ್ಲಿ ಯಾರ ಮನೆಯಲ್ಲಿ ಶುಭಕಾರ್ಯವಾದರೂ ಹುಳಿ ಅವಳ ಕೈಯದೇ ಆಗಬೇಕು. ಅಂಥವಳಿಗೆ ಹಿಂದಿನ ವರ್ಷ ಒಂದು ಜ್ವರ ಬಂತು. ಹೋಗುವಾಗ ನಾಲಿಗೆಯ ರುಚಿಯನ್ನೂ ಜೊತೆಗೇ ಎತ್ತಿಕೊಂಡು ಹೋಯಿತು. ಬರಬಹುದು, ಕಾಯಿರಿ ಎಂದರು ಡಾಕ್ಟರು. ಕಾದಳು, ಬರಲಿಲ್ಲ. ಅಡುಗೆಮನೆಯನ್ನು ಸೊಸೆಗೆ ಬಿಟ್ಟುಕೊಟ್ಟು, ಊಟವನ್ನು ಮಾತ್ರೆಯ ಹಾಗೆ ನುಂಗತೊಡಗಿದಳು. ರವಿಕೆಗಳೆಲ್ಲ ಸಡಿಲವಾದವು. ಹೀಗೇ ಆದರೆ ಇವಳು ಉಣ್ಣುವುದನ್ನೇ ಬಿಟ್ಟುಬಿಡುತ್ತಾಳೆ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಹರಕೆ ಹೊರುವವರು, ಅಂದುಕೊಂಡ ಕೆಲಸ ಆದಮೇಲೆ ಬರುತ್ತೇನೆ ಎಂದು ದೇವರಿಗೆ ಹೇಳಿಕೊಳ್ಳುವುದು ವಾಡಿಕೆ. ಅಕ್ಕ ಮಾತ್ರ ಮುಂಗಡವಾಗಿಯೇ ಹೊರಟುಬಿಟ್ಟಳು. "ನಡೆದು ಬರ್ತೀನಿ, ಆಮೇಲೆ ಅವನಿಷ್ಟ" ಎಂದಳು. ದಾರಿಯಲ್ಲಿ ಯಾರಾದರೂ ಬಡಿಸಿದ್ದನ್ನು ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಹೋಟೆಲು ಬೇಡವೇ ಬೇಡ ಎಂಬುದೂ ಅವಳ ಹರಕೆಯಲ್ಲೇ ಸೇರಿತ್ತು. ನನಗಂತೂ ಇದಕ್ಕಿಂತ ಒಳ್ಳೆಯ ಹರಕೆ ಬೇಕಿರಲಿಲ್ಲ.

ಬಡಿಸುವವರಿರುವ ದಾರಿಯೇ ಬೇಕೆಂದು ಇಬ್ಬರೂ ಚನ್ನರಾಯಪಟ್ಟಣದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆಯತೊಡಗಿದೆವು. ಊರು ದಾಟುವಷ್ಟರಲ್ಲೇ ಬಿಸಿ ಇಡ್ಲಿ ಸಿಕ್ಕಿತು. ತೆಂಗಿನ ಸೀಮೆಯವರು, ಚಟ್ನಿಗೆ ಕಾಯಿ ಹಾಕುವುದರಲ್ಲಿ ಕೈ ಹಿಡಿದಿರಲಿಲ್ಲ.

"ಏನಾದ್ರೂ ಗೊತ್ತಾಯ್ತಾ ಅಕ್ಕ?"

"ಮೆತ್ತಗಿದೆ ಅಂತ ಗೊತ್ತಾಯ್ತು ಕಣೇ."

ಮಧ್ಯಾಹ್ನ ದಂಡಿಗನಹಳ್ಳಿ ಕಡೆಯ ರೈತರು ಹಾಕಿದ್ದ ಶಾಮಿಯಾನದಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಅಕ್ಕ ಅಗಿಯುವುದನ್ನು ನೋಡಿ ಬಡಿಸುತ್ತಿದ್ದ ಅಜ್ಜಿ, "ಅಗೀಬ್ಯಾಡಿ ಕಣವ್ವ, ನುಂಗಿ" ಎಂದರು. "ನುಂಗೋದು ಒಂದು ವರ್ಷದಿಂದ ಅಭ್ಯಾಸ ಆಗಿದೆ ಬಿಡಿ" ಎಂದಳು ಅಕ್ಕ. ನಾನು ಎರಡನೇ ಮುದ್ದೆ ಹಾಕಿಸಿಕೊಂಡು ಬಸ್ಸಾರಿನ ಗುಟ್ಟು ಕೇಳಿದೆ. "ಕಾಳು ಬೆಂದ ಕಟ್ಟು ಚೆಲ್ಬಾರ್ದು, ಅಷ್ಟೇಯ" ಎಂದು ಅಜ್ಜಿ ನಕ್ಕರು. ಇನ್ನೊಂದು ಕಡೆ ಟೊಮೆಟೊ ಬಾತಿಗೆ ಮಸಾಲೆ ಸುರಿದುಬಿಟ್ಟಿದ್ದರು. ಊರಿನ ಹೆಸರು ಹೇಳುವುದಿಲ್ಲ, ಮತ್ತೆ ಅದೇ ದಾರಿಯಲ್ಲಿ ತಿರುಗಾಡಬೇಕಾದವಳು ನಾನು. ಶುಂಠಿ ಜಜ್ಜಿ ಹಾಕಿದ ಮಜ್ಜಿಗೆಯಂತೂ ಎಲ್ಲಿ ಕುಡಿದರೂ ಚೆನ್ನಾಗಿತ್ತು. ಎಲ್ಲ ಕಡೆಯೂ ನನ್ನದು ಅದೇ ಪ್ರಶ್ನೆ. ಕೊನೆಗೆ ಅಕ್ಕ ರೇಗಿದಳು.

"ಸಾಕು ನಿನ್ನ ಪರೀಕ್ಷೆ. ಇನ್ನೊಂದ್ಸಲ ಕೇಳಿದ್ರೆ ಬಸ್ ಹತ್ತಿ ಊರಿಗೆ ಹೋಗ್ತೀನಿ."

ಅವಳ ಕಣ್ಣು ತುಂಬಿತ್ತು. ನಾನು ಅವಳ ಚೀಲವನ್ನೂ ಹೆಗಲಿಗೇರಿಸಿಕೊಂಡು ನಡೆದೆ.

ಮಾರನೆಯ ದಿನ, ಹಾಸನಕ್ಕೆ ಮುಂಚೆ, ಬೂವನಹಳ್ಳಿ ಕಡೆಯ ಹೆಂಗಸರು ಸೇರಿ ಅನ್ನ, ಕುಂಬಳಕಾಯಿ ಹುಳಿ ಮಾಡಿದ್ದರು. ದೇವರ ಪಟ ಇಟ್ಟು, ನೈವೇದ್ಯ ತೋರಿಸಿ, ಮಂಗಳಾರತಿ ಆದಮೇಲೆಯೇ ಎಲೆ ಹಾಕಿದರು. ನೈವೇದ್ಯ ಆಗುವತನಕ ಅಡುಗೆಯವರು ರುಚಿ ನೋಡುವಂತಿಲ್ಲ, ನಮ್ಮ ಮನೆಗಳಲ್ಲೂ ಹಾಗೆಯೇ. ಒಬ್ಬಳೇ ಅಡುಗೆ ಮಾಡುವಾಗ ಕೈ ಅಂದಾಜಿನಲ್ಲೇ ನಡೆದುಹೋಗುತ್ತದೆ. ಇಲ್ಲಿ ಒಂದು ಕೊಳದಪ್ಪಲೆಯ ಸುತ್ತ ಊರಿನ ಹೆಂಗಸರೆಲ್ಲ ನಿಂತಿದ್ದರು.

ಮೊದಲ ತುತ್ತು ಬಾಯಿಗಿಟ್ಟೆ. ಉಪ್ಪೆಂದರೆ ಉಪ್ಪು! ಅಕ್ಕಪಕ್ಕ ನೋಡಿದೆ. ಸಾಲಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಭಕ್ತಿಯಿಂದ ಉಣ್ಣುತ್ತಿದ್ದರು. ಪ್ರಸಾದಕ್ಕೆ ಕೊಂಕು ಹೇಳುವವರು ಯಾರು? ಎದುರಿಗಿದ್ದವರು ಮತ್ತೆ ಮತ್ತೆ ಬರೀ ಅನ್ನ ಕೇಳುತ್ತಿದ್ದರು, ಅವರ ಪಕ್ಕದವರು ಮಜ್ಜಿಗೆ ಬಂತೇ ಎಂದು ಕತ್ತು ಉದ್ದ ಮಾಡುತ್ತಿದ್ದರು. ಬಡಿಸುವಾಕೆ ನನ್ನ ಮುಂದೆ ನಿಂತು, "ಎಂಗೈತವ್ವಾ ಸಾರು?" ಎಂದು ಕೇಳಿದರು.

"ಬಹಳ ಚೆನ್ನಾಗಿದೆ" ಎಂದೆ. ದೇವರ ಪಟದ ಮುಂದೆಯೇ.

ಆಗ ಅಕ್ಕನ ಕೈ ಎಲೆಯ ಮೇಲೇ ನಿಂತಿತು. ಇನ್ನೊಂದು ತುತ್ತು ಬಾಯಿಗಿಟ್ಟು ನಾಲಿಗೆ ಆಡಿಸಿದಳು. ಆಮೇಲೆ ಇಡೀ ಶಾಮಿಯಾನಕ್ಕೆ ಕೇಳುವ ಹಾಗೆ, "ಏನೇ, ಇದಕ್ಕೆ ಉಪ್ಪು ಜಾಸ್ತಿಯಾಗಿದೆ ಕಣೇ!" ಎಂದಳು.

ಸಾಲಿಗೆ ಸಾಲೇ ತಲೆ ಎತ್ತಿತು. ಬಡಿಸುವಾಕೆಯ ಮುಖ ಸಣ್ಣದಾಯಿತು. ಒಲೆಯ ಕಡೆಯಿಂದ ಇನ್ನೊಬ್ಬಾಕೆ, "ಉಪ್ಪು ನಾನ್ ಆಕಿದ್ದೆ ಕಣಕ್ಕ, ನೀನೂ ಆಕ್ಬುಟ್ಯಾ?" ಎಂದು ಕೂಗಿದರು. ಇಬ್ಬರೂ ಹಾಕಿದ್ದರು, ಇಬ್ಬರೂ ರುಚಿ ನೋಡಿರಲಿಲ್ಲ.

"ತಪ್ಪಾಗೋಯ್ತು ಕಣವ್ವ, ಬ್ಯಾರೆ ಎಲೆ ಆಕ್ತೀವಿ, ಬುಡಿ" ಎಂದು ಬಡಿಸುವಾಕೆ ಬಗ್ಗಿ ಅಕ್ಕನ ಎಲೆಗೆ ಕೈ ಹಾಕಿದರು. ಅಕ್ಕ ಎರಡೂ ತೋಳು ಅಡ್ಡ ಇಟ್ಟು, ಎಲೆಯ ಮೇಲೆ ಬಾಗಿ, ಗೊಳೋ ಎಂದು ಅತ್ತಳು.

"ತೆಗೀಬೇಡ ತಾಯಿ. ಇನ್ನೊಂದು ಸೌಟು ಹಾಕು."