ಹಿಂದಿನ ಗೇಟು

ಅಕ್ಕೋರ ಪಾದಗಳು ಬಹಳ ಅಗಲ. ಹೆಂಗಸರ ಚಪ್ಪಲಿ ಯಾವುದೂ ಹಿಡಿಸದೆ ಅವರು ಗಂಡಸರ ಕಪ್ಪು ರಬ್ಬರ್ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಮೇಲೆ ನೋಡಿದರೆ ಇಸ್ತ್ರಿ ಮಾಡಿದ ಕಾಟನ್ ಸೀರೆ, ಭುಜದ ಮೇಲೆ ಪಿನ್ನು, ಕೈಯಲ್ಲಿ ಸಣ್ಣ ಗಡಿಯಾರ, ಅಪ್ಪಟ ಮಾಸ್ತರಿಣಿ. ಕೆಳಗೆ ಮಾತ್ರ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲನ ಕಾಲು. ಒಡೆದ ಹಿಮ್ಮಡಿಯ ಸೀಳುಗಳಲ್ಲಿ ಸದಾ ನಮ್ಮ ವಸ್ತಿಯ ಧೂಳು ಕೂತಿರುತ್ತಿತ್ತು. ಧನಕವಡಿಯ ಹಿಂದಿನ ಗುಡ್ಡಕ್ಕೆ ಅಂಟಿಕೊಂಡಿದ್ದ ನಮ್ಮ ತಗಡಿನ ಮನೆಗಳ ತನಕ ಹತ್ತಿಬರುತ್ತಿದ್ದ ಶಿಕ್ಷಕಿ ಅವರೊಬ್ಬರೇ.

ನಮ್ಮದು ಪುಣೆಯ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆ. ಮಕ್ಕಳಲ್ಲಿ ಮುಕ್ಕಾಲು ಪಾಲು ಯಾದಗಿರಿ, ಕಲಬುರಗಿ ಕಡೆಯಿಂದ ಇಟ್ಟಿಗೆ ಹೊರಲು ಬಂದವರ ಮಕ್ಕಳು. ಉಳಿದ ಶಿಕ್ಷಕಿಯರು ನಮಗೆ ಗಣಿತದ ಅಕ್ಕೋರು, ಹಿಂದಿ ಅಕ್ಕೋರು. ವಿಜ್ಞಾನ ಕಲಿಸುತ್ತಿದ್ದ ಇವರಿಗೆ ಮಾತ್ರ ವಿಷಯದ ಹೆಸರು ಹತ್ತಿರಲಿಲ್ಲ. ಬರೀ ಅಕ್ಕೋರು ಅಂದರೆ ಅವರೇ. ಅಕ್ಕಲಕೋಟೆ ಕಡೆಯವರು, ಮದುವೆಯಾದವರಲ್ಲ. ತಂಗಿಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದರು.

ಪ್ರೌಢಶಾಲೆಯ ಮಕ್ಕಳಿಗೆ ಮುಂದೆ ಏನು ಓದಬೇಕು, ಯಾವ ಕೆಲಸ ಹಿಡಿಯಬೇಕು ಎಂದು ದಾರಿ ತೋರಿಸಬೇಕೆಂಬ ಆದೇಶವೊಂದು ಮೇಲಿನಿಂದ ಬಂದಿತ್ತಂತೆ. ಮುಖ್ಯೋಪಾಧ್ಯಾಯರು ಸುತ್ತ ನೋಡಿ, "ನಿಮಗೇನು, ಮನೀಗೆ ಹೋಗೂ ಗಡಿಬಿಡಿ ಇಲ್ಲಲ್ಲ" ಎಂದು ಅದನ್ನು ಅಕ್ಕೋರ ಕೊರಳಿಗೆ ಕಟ್ಟಿದರು. ಅಕ್ಕೋರು ತರಬೇತಿಗೆ ಹೋಗಿ ಒಂದು ಚೀಲ ಭಿತ್ತಿಪತ್ರ ಹೊತ್ತುಕೊಂಡು ಬಂದರು. ಮುರಿದ ಬೆಂಚು, ಗಾಳಿ ಹೋದ ಫುಟ್‌ಬಾಲು, ಗಣೇಶನ ಹಬ್ಬದ ಥರ್ಮೋಕೋಲ್ ಮಂಟಪ ತುಂಬಿದ್ದ ಒಂದು ಕೋಣೆ ಸಿಕ್ಕಿತು. ಚಿತ್ರಕಲೆಯ ಮಾಸ್ತರರು ಬಾಗಿಲಿಗೆ ‘ಮಾರ್ಗದರ್ಶನ ಕೇಂದ್ರ’ ಎಂದು ಬರೆದುಕೊಟ್ಟರು. ಗಾಳಿ ಇಲ್ಲದ ಫುಟ್‌ಬಾಲಿನ ಜೊತೆ ನಮ್ಮ ಭವಿಷ್ಯವೂ ಅಲ್ಲಿಗೆ ಸೇರಿಕೊಂಡಿತು.

ಚೀಲದಲ್ಲಿ ಅಭಿರುಚಿ ಪರೀಕ್ಷೆಯೂ ಇತ್ತು. ‘ಬಿಡುವಿನ ವೇಳೆಯಲ್ಲಿ ನಿನಗೆ ಇಷ್ಟವಾದುದು ಯಾವುದು: ತೋಟಗಾರಿಕೆ, ಅಂಚೆಚೀಟಿ ಸಂಗ್ರಹ, ಸಂಗೀತ ವಾದ್ಯ?’ ನಮ್ಮ ಪಕ್ಕದ ತಗಡಿನ ಮನೆಯ ಹಣಮಂತ, ನನಗಿಂತ ಮೂರು ವರ್ಷ ಮುಂದಿದ್ದವನು, ಎದ್ದು ನಿಂತು ಕೇಳಿದನಂತೆ: "ಅಕ್ಕೋರ, ನೀರಿನ ಟ್ಯಾಂಕರ್ ಹಿಂದ ಓಡೂದು ಇದ್ರಾಗ ಇಲ್ಲಲ್ರಿ?" ಅಕ್ಕೋರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಆ ಪ್ರಶ್ನೆಪತ್ರಿಕೆಗಳ ಕಟ್ಟನ್ನು ಅಲುಗಾಡುವ ಬೆಂಚಿನ ಕಾಲ ಕೆಳಗೆ ಇಟ್ಟು, "ಇಲ್ಲಿ ಇದರಿಂದ ಉಪಯೋಗ ಅದ" ಎಂದರಂತೆ. ಹಣಮಂತ ಇದನ್ನು ಸಂಜೆ ನಮ್ಮ ಅಂಗಳದಲ್ಲಿ ಆಡಿ ತೋರಿಸಿದ್ದ. ಅಕ್ಕೋರ ನಡಿಗೆಯನ್ನು ಅವನಷ್ಟು ಚೆನ್ನಾಗಿ ಯಾರೂ ಅಣಕಿಸುತ್ತಿರಲಿಲ್ಲ.

ಅಕ್ಕೋರು ತಮ್ಮದೇ ಒಂದು ಪದ್ಧತಿ ಕಂಡುಕೊಂಡರು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಹತ್ತನೆಯ ತರಗತಿಯವರನ್ನು ಸಿಟಿ ಬಸ್ಸಿನಲ್ಲಿ ಎಲ್ಲಾದರೂ ಕರೆದೊಯ್ಯುತ್ತಿದ್ದರು. ಕಾರ್ಖಾನೆ, ಬ್ಯಾಂಕು, ಬಸ್ ಡಿಪೋ, ಬೇಕರಿ. ಒಳಗೆ ಹೋಗುತ್ತಿರಲಿಲ್ಲ, ನಮ್ಮನ್ನು ಒಳಗೆ ಬಿಡುವವರಾದರೂ ಯಾರು? ಪಾಳಿ ಮುಗಿಯುವ ಹೊತ್ತಿಗೆ ಗೇಟಿನ ಎದುರು ಸಾಲಾಗಿ ನಿಲ್ಲಿಸುತ್ತಿದ್ದರು. "ಒಳಗ ಹೋಗೂವಾಗಿನ ಮುಖ ನೋಡಬ್ಯಾಡ್ರಿ, ಅದು ಎಲ್ಲಾರದೂ ಒಂದಽ ಇರ್ತದ. ಹೊರಗ ಬರೂವಾಗ ಮುಖ ಹ್ಯಾಂಗದ ನೋಡ್ರಿ. ಆ ಮುಖ ನಿಮಗ ಬೇಕಂದ್ರ ಆ ಕೆಲಸ." ಒಮ್ಮೆ ಹಿಂಜವಾಡಿಯಲ್ಲಿ ನಿಂತಿದ್ದಾಗ ಕೊರಳಲ್ಲಿ ಪಟ್ಟಿ ನೇತುಹಾಕಿಕೊಂಡ ಜನ ಮೊಬೈಲಿನಲ್ಲಿ ಮಾತಾಡುತ್ತಲೇ ಕ್ಯಾಬು ಹತ್ತುವುದನ್ನು ನೋಡಿ, "ಇವರು ಹೊರಗ ಬಂದ ಮ್ಯಾಗೂ ಒಳಗಽ ಅದಾರ" ಎಂದಿದ್ದರಂತೆ.

ಇನ್ನೊಂದು ಶನಿವಾರ ಹೆದ್ದಾರಿಯ ಕಡೆಯ ದೊಡ್ಡ ಕಾರ್ಖಾನೆಯೊಂದರ ಗೇಟಿನಿಂದ ಬೂದು ಬಣ್ಣದ ಸಮವಸ್ತ್ರದ ಜನ ನಗುತ್ತ ಹೊರಗೆ ಬಂದು, ಚಹಾದ ಗಾಡಿಗೆ ಮುತ್ತಿಕೊಂಡರು. ಹಣಮಂತ ಅವರನ್ನೇ ನೋಡುತ್ತ, "ನನಗ ಈ ಮುಖ ಬೇಕ್ರಿ ಅಕ್ಕೋರ" ಎಂದನಂತೆ. ಅವನ ಅಪ್ಪ ಅವನನ್ನು ತನ್ನ ಜೊತೆ ಕಟ್ಟಡದ ಸೈಟಿಗೆ ಕರೆದೊಯ್ಯುವವನಿದ್ದ. ಅಕ್ಕೋರು ರಬ್ಬರ್ ಚಪ್ಪಲಿ ತುಳಿಯುತ್ತ ಗುಡ್ಡ ಹತ್ತಿ ಬಂದರು. ಒಂದು ಸಲವಲ್ಲ, ಅಪ್ಪ ಹೂಂ ಅನ್ನುವ ತನಕ ಬಂದರು. ಹಣಮಂತ ಐಟಿಐ ಸೇರಿದ, ಫಿಟ್ಟರ್ ಆದ. ಒಬ್ಬ ಗುತ್ತಿಗೆದಾರನ ಕಡೆಯಿಂದ ಅದೇ ಕಾರ್ಖಾನೆಯೊಳಗೆ ಕೆಲಸವೂ ಸಿಕ್ಕಿತು. ಅವತ್ತು ಅವನ ಅವ್ವ ಇಡೀ ವಸ್ತಿಗೆ ಪೇಢೆ ಹಂಚಿದಳು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಪ್ರೆಸ್ ಯಂತ್ರ ಅವನ ಬಲಗೈ ಬೆರಳುಗಳನ್ನು ತೆಗೆದುಕೊಂಡಿತು. ಕೆಲಸ ಬೇಗ ಸಾಗಲೆಂದು ಕೈ ಒಳಗೆ ಹೋಗದಂತೆ ತಡೆಯುವ ಯಂತ್ರದ ಅಡ್ಡಗಂಬಿ ತೆಗೆದಿಟ್ಟಿದ್ದರಂತೆ. ಗುತ್ತಿಗೆದಾರನ ಕಡೆಯವನೊಬ್ಬ ಅವನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಹೋದವನು ಮತ್ತೆ ಮುಖ ತೋರಿಸಲಿಲ್ಲ. ಕಾರ್ಖಾನೆಯವರು, ಇವನು ನಮ್ಮ ಆಳಲ್ಲ ಎಂದರು. ಗುತ್ತಿಗೆದಾರನ ಫೋನು ಸ್ವಿಚ್ ಆಫ್ ಆಗಿತ್ತು.

ನಾನು ನಮ್ಮವ್ವನ ಜೊತೆ ರೊಟ್ಟಿ ಕಟ್ಟಿಕೊಂಡು ಹೋದಾಗ ಅಕ್ಕೋರು ಅಲ್ಲೇ ಮಂಚದ ಕಾಲ ಹತ್ತಿರ ನಿಂತಿದ್ದರು. ಹಣಮಂತ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವನ ಅವ್ವ ಅಳಲಿಲ್ಲ, ಬಯ್ಯಲಿಲ್ಲ. "ನೀವ ಹೇಳಿದ್ರಂತ ಕಳಸಿದ್ವಿರಿ ಅಕ್ಕೋರ" ಎಂದಳು. ಆಮೇಲೆ, "ಇನ್ನ ಮುಂದ ಇವಗ ಏನ ಕಲಿಸಬೇಕು, ಅದನ್ನೂ ನೀವಽ ಹೇಳ್ರಿ" ಎಂದು ನಿಜವಾಗಿಯೇ ಕೇಳಿದಳು. ಕಪಾಳಕ್ಕೆ ಹೊಡೆದಿದ್ದರೂ ಅಕ್ಕೋರು ಅಷ್ಟು ಕುಗ್ಗುತ್ತಿರಲಿಲ್ಲ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಹಣಮಂತ ಊರಿಗೆ, ಅಜ್ಜಿಯ ಮನೆಗೆ ಹೋದ. ಅಲ್ಲಿಂದ ಎಲ್ಲಿಗೆ ಹೋದನೋ ಯಾರಿಗೂ ತಿಳಿಯಲಿಲ್ಲ.

ಅಕ್ಕೋರು ಮಾರ್ಗದರ್ಶನ ಕೇಂದ್ರದ ಕೋಣೆಗೆ ಬೀಗ ಹಾಕಿದರು. ಮುಖ್ಯೋಪಾಧ್ಯಾಯರೂ ಯಾಕೆಂದು ಕೇಳಲಿಲ್ಲ. ಇತ್ತ ನಮ್ಮ ಮನೆಯಲ್ಲಿ, ಪರೀಕ್ಷೆ ಮುಗಿದ ಕೂಡಲೇ ನನ್ನನ್ನು ಊರಿನ ಸೋದರತ್ತೆಯ ಮಗನಿಗೆ ಕೊಡುವ ಮಾತು ಪಕ್ಕಾ ಆಗುತ್ತಿತ್ತು. ನಾನು ನೆಟ್ಟಗೆ ಅಕ್ಕೋರ ಮನೆಗೆ ಹೋದೆ. ಅಕ್ಕಿ ತೊಳೆಯುತ್ತಿದ್ದರು.

"ಅಕ್ಕೋರ, ನಾ ಏನ ಮಾಡ್ಲಿ ಹೇಳ್ರಿ."

"ನನ್ನ ಕೇಳಬ್ಯಾಡ. ನನ್ನ ಮಾತ ಕೇಳಿದವನ ಕೈ ಏನಾತು ಗೊತ್ತದಲ್ಲ?"

ನನಗೂ ಸಿಟ್ಟು ಬಂತು. ಹದಿನಾರರ ಸಿಟ್ಟು, ಎದುರಿಗೆ ಯಾರಿದ್ದಾರೆಂದು ನೋಡುವುದಿಲ್ಲ. "ನೀವ ಹೇಳಲಿಲ್ಲಂದ್ರ ನಮ್ಮಪ್ಪ ಹೇಳ್ತಾನ್ರಿ. ಅಂವ ಯಾವ ಗೇಟೂ ನೋಡಿಲ್ಲ."

ಅಕ್ಕೋರು ಅಕ್ಕಿಯ ನೀರು ಬಸಿದರು, ಸೆರಗಿಗೆ ಕೈ ಒರೆಸಿಕೊಂಡರು, ಚಪ್ಪಲಿ ಮೆಟ್ಟಿಕೊಂಡರು. ದಾರಿಯಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತಾಗ ಹೇಳಿದರು: "ನಾ ಮುಂದಿನ ಗೇಟಿಗೆ ನಿಂತು ಇಡೀ ಕಾರ್ಖಾನಿ ನೋಡಿದೆ ಅನಕೊಂಡಿದ್ದೆ. ಮೊನ್ನೆ ಒಬ್ಬಾಕಿನಽ ಹೋಗಿ ಸುತ್ತ ಹಾಕಿದೆ. ಹಿಂದ ಇನ್ನೊಂದು ಗೇಟದ. ಗುತ್ತಿಗಿ ಹುಡುಗ್ರು ಅಲ್ಲಿಂದ ಬರ್ತಾರ. ಎಲ್ಲಾ ಹಣಮಂತನ ವಯಸ್ಸಿನವರು. ಒಬ್ಬನೂ ನಗೂದಿಲ್ಲ, ಒಬ್ಬನೂ ಚಾ ಕುಡೀಲಿಕ್ಕೆ ನಿಂದ್ರೂದಿಲ್ಲ."

ಅವರು ನನ್ನನ್ನು ಕರೆದೊಯ್ದದ್ದು ಒಂದು ಆಸ್ಪತ್ರೆಗೆ. ಕಾರುಗಳು ನಿಲ್ಲುವ ಮುಂದಿನ ಗೇಟನ್ನು ತೋರಿಸಿ, "ಇದನ್ನ ನೋಡೀದಿ, ಬಾ" ಎಂದು ಹಿಂದಕ್ಕೆ ಕರೆದೊಯ್ದರು. ಕ್ಯಾಂಟೀನಿನ ಹೊಗೆ, ಕಸದ ಡಬ್ಬಿಗಳು, ಒಂದು ಸಣ್ಣ ಕಬ್ಬಿಣದ ಗೇಟು. ಪಾಳಿ ಮುಗಿಸಿ ಆಯಾಗಳು, ನರ್ಸುಗಳು, ಟೆಕ್ನಿಷಿಯನ್ನರು ಬರತೊಡಗಿದರು. ಅಕ್ಕೋರು ಒಬ್ಬೊಬ್ಬರನ್ನೇ ತಡೆದು ಮರಾಠಿಯಲ್ಲಿ ಕೇಳಿದರು: ದಣಿವಾಗಿದೆಯಾ? ನಾಳೆ ಬರಬೇಕೆನಿಸುತ್ತದಾ? ಕೆಲವರು, ಹುಚ್ಚಿ ಯಾರೋ ಎಂದು ಪಕ್ಕಕ್ಕೆ ಸರಿದು ಹೋದರು. ನೀಲಿ ಕೋಟಿನ ತೆಳ್ಳನೆಯ ಹೆಂಗಸೊಬ್ಬಳು ಮಾತ್ರ ನಿಂತಳು. ಡಯಾಲಿಸಿಸ್ ವಿಭಾಗದವಳು. ಸೊಂಟ ಬಿದ್ದು ಹೋಗುತ್ತದೆ ಎಂದಳು. ಸಂಬಳ ಹೇಳಿಕೊಳ್ಳುವಂಥದ್ದಲ್ಲ ಎಂದಳು. ಆಮೇಲೆ, "ರೋಗಿಗಳು ಬೂದಿ ಬಣ್ಣದವರಾಗಿ ಬರ್ತಾರೆ, ಯಂತ್ರದಿಂದ ಎದ್ದು ಹೋಗುವಾಗ ಮನುಷ್ಯರ ಬಣ್ಣ ಬಂದಿರುತ್ತೆ. ಅದಕ್ಕೇ ಮರುದಿನ ಬರ್ತೀನಿ" ಎಂದು ರಿಕ್ಷಾ ಹಿಡಿದು ಹೋದಳು.

"ಇದು" ಎಂದೆ ನಾನು.

"ನಾ ಹೇಳಿಲ್ಲ ನೋಡು. ನೀನಽ ನೋಡಿದಿ, ನೀನಽ ಹೇಳಿದಿ" ಎಂದರು ಅಕ್ಕೋರು.

ಅಪ್ಪನ ಮುಂದೆ ಅವರು ಮೊದಲು ಕೆಟ್ಟದ್ದನ್ನೇ ಹೇಳಿದರು. ಇನ್ನೂ ನಾಲ್ಕು ವರ್ಷ ಓದಿಸಬೇಕು, ಕೆಲಸ ಕಾಯಂ ಆಗುತ್ತದೆಂಬ ಖಾತ್ರಿ ಇಲ್ಲ, ಜನ ಸಾಯುವುದನ್ನು ಕಣ್ಣಾರೆ ನೋಡಬೇಕು. ಅಪ್ಪ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ: "ನೆರಳಾಗಿನ ಕೆಲಸ ಏನ್ರಿ?"

"ಹೌದ್ರಿ, ನೆರಳಾಗಿಂದು."

"ಮಂದಿ ಸಾಯೂದು ಸೈಟಿನ್ಯಾಗೂ ನೋಡೀವ್ರಿ. ನೆರಳಿದ್ರ ಸಾಕು" ಎಂದ ಅಪ್ಪ. ಸೋದರತ್ತೆ ಆಮೇಲೆ ಬಹಳ ವರ್ಷ ನಮ್ಮ ಜೊತೆ ಮಾತು ಬಿಟ್ಟಳು.

ಆ ಕೋಣೆಯ ಬೀಗ ಮತ್ತೆ ತೆಗೆಯಲಿಲ್ಲವಂತೆ. ಆದರೆ ನಿವೃತ್ತರಾಗುವ ತನಕ ಅಕ್ಕೋರು ಶನಿವಾರಗಳಂದು ಮಕ್ಕಳನ್ನು ಹಿಂದಿನ ಗೇಟುಗಳಿಗೆ ಕರೆದೊಯ್ಯುತ್ತಲೇ ಇದ್ದರು. ಯಾರಿಗೂ ಇದನ್ನು ಮಾಡು ಎಂದು ಹೇಳಲಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯವನ್ನು ಹಣಮಂತನ ಅವ್ವನ ಆ ಒಂದು ಪ್ರಶ್ನೆ ತಿಂದುಹಾಕಿತ್ತು.

ಕಳೆದ ವರ್ಷ ನಾನು ಕೆಲಸ ಮಾಡುವ ಡಯಾಲಿಸಿಸ್ ವಿಭಾಗಕ್ಕೆ ಹೊಸ ರೋಗಿಯೊಬ್ಬರನ್ನು ಗಾಲಿಕುರ್ಚಿಯಲ್ಲಿ ತಂದರು. ಬಾತುಕೊಂಡ ಬರಿಗಾಲು, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಪ್ಪು ರಬ್ಬರ್ ಚಪ್ಪಲಿ. ಮುಖ ನೋಡುವ ಮೊದಲೇ ನನ್ನ ಕಣ್ಣು ತುಂಬಿತು. ಆ ಚಪ್ಪಲಿಯೂ ಈಗ ಅವರಿಗೆ ಹಿಡಿಸುತ್ತಿರಲಿಲ್ಲ. ಸೂಜಿ ಚುಚ್ಚುವಾಗ ನನ್ನ ಕೈಯನ್ನೇ ನೋಡುತ್ತಿದ್ದರು. ಬಂದಾಗಲೆಲ್ಲ ಒಂದೇ ಮಾತು: "ಹಣಮಂತ ನಿಮ್ಮ ಕಡೆ ಬಂದಿದ್ನೇನ?" ಇಲ್ಲರಿ ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಡುನಡುವೆ ಬರುವುದನ್ನು ತಪ್ಪಿಸತೊಡಗಿದರು. "ಸಾಕಾಗೇದ. ಇಷ್ಟ ವರ್ಷ ಬದುಕಿ ಯಾರಿಗೆ ಏನ ಮಾಡಿದೆ" ಎನ್ನುತ್ತಿದ್ದರು. ತಂಗಿಯ ಮಗ ಗದರಿಸಿ ಕರೆತರುತ್ತಿದ್ದ.

ಒಂದು ದಿನ ನನ್ನ ಯಂತ್ರದಲ್ಲಿದ್ದ ಅಜ್ಜರೊಬ್ಬರು ತೀರಿಕೊಂಡರು. ಎಲ್ಲ ಮುಗಿಸಿ ಸಂಜೆ ಹೊರಗೆ ಬಂದರೆ ಹಿಂದಿನ ಗೇಟಿನ ಎದುರಿನ ಕಲ್ಲಿನ ಮೇಲೆ ಅಕ್ಕೋರು ಕೂತಿದ್ದಾರೆ. ತಂಗಿಯ ಮಗ ಪಕ್ಕದಲ್ಲಿ ಚಡಪಡಿಸುತ್ತಿದ್ದ. ಮುಖ ಸರಿಮಾಡಿಕೊಳ್ಳಲು ನನಗೆ ಪುರುಸೊತ್ತು ಸಿಗಲಿಲ್ಲ.

"ಹೋದ ವಾರ ಮುಂದಿನ ಗೇಟಿಗೆ ಕಾದೆ, ನೀ ಬರಲಿಲ್ಲ" ಎಂದರು. "ನೀನೂ ಗುತ್ತಿಗೀನ ಏನ?"

"ಹೌದ್ರಿ." ಅಲ್ಲಿಯ ತನಕ ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ಕೈ ತೋರಸು."

ಎರಡೂ ಕೈ ಚಾಚಿದೆ. ಹೆಬ್ಬೆರಳಿನಿಂದ ಹಿಡಿದು ಒಂದೊಂದೇ ಬೆರಳನ್ನು ಒತ್ತಿ ಒತ್ತಿ ನೋಡಿದರು, ಎಳೆಗೂಸಿನ ಕೈ ನೋಡುವ ಹಾಗೆ. "ಎಲ್ಲಾ ಅವ" ಎಂದು ತಮಗೇ ಹೇಳಿಕೊಂಡರು. ನನಗೆ ಅಲ್ಲೇ, ಕಸದ ಡಬ್ಬಿಗಳ ಮುಂದೆ, ಅಳು ಬಂತು.

"ನಾಳೆ ಬರ್ತೀ?" ಎಂದು ಕೇಳಿದರು.

"ಬರ್ತೀನ್ರಿ."

"ಹಂಗಾದ್ರ ನಾಡಿದ್ದು ನಾನೂ ಬರ್ತೀನಿ" ಎಂದರು. ಆಮೇಲೆ ಅವರು ಒಂದು ಸಲವೂ ತಪ್ಪಿಸಲಿಲ್ಲ. ಮಳೆಗಾಲ ಮುಗಿಯುವಾಗ ಹೃದಯವೇ ಸೋತಿತು. ನನ್ನ ಯಂತ್ರದ ಮೇಲಲ್ಲ, ಅವರ ಮನೆಯಲ್ಲಿ.

ಸ್ಮಶಾನಕ್ಕೆ ಬಂದವರು ಬೆರಳೆಣಿಕೆಯಷ್ಟು ಜನ. ದೂರದ ಬೇವಿನ ಮರದ ಕೆಳಗೆ ಹಣಮಂತನ ಅವ್ವ ನಿಂತಿದ್ದಳು. ಸೈಟಿನಿಂದ ಹಾಗೇ ಬಂದಿದ್ದಳು, ಕೂದಲಲ್ಲಿ ಸಿಮೆಂಟಿತ್ತು. ನಾನು ಹತ್ತಿರ ಹೋದೆ.

"ಅಕ್ಕೋರು ನಮ್ಮ ಹಣಮಂತನ್ನ ನೆನಸ್ತಿದ್ರೇನವ್ವಾ?"

"ಬಂದಾಗೊಮ್ಮೆ ಕೇಳ್ತಿದ್ರು."

ಅವಳು ಹೊಗೆಯ ಕಡೆ ನೋಡಿದಳು. "ಅವರು ಹೇಳಿದ್ದು ತಪ್ಪಿರಲಿಲ್ಲವ್ವಾ. ಕಲತಿದ್ದನಲ್ಲ ಅಂವ, ಪೇಢೇನೂ ಹಂಚಿದ್ವಲ್ಲ. ಇದನ್ನ ಅವರಿಗೆ ಒಂದ್ಸಲ ಹೇಳಿ ಬರಬೇಕಂತ ಇಷ್ಟ ವರ್ಷ ಅನಕೋತನಽ ಇದ್ದೆ. ಕೆಲಸ ಬಿಟ್ಟು ಬರಾಕ ಆಗಲೇ ಇಲ್ಲ."

ಅವಳನ್ನು ಬಸ್ಸು ಹತ್ತಿಸಿ ಮನೆಗೆ ಬಂದೆ. ಮರುದಿನ ನನಗೆ ಬೆಳಗಿನ ಪಾಳಿಯಿತ್ತು. ಹೋದೆ.